ಹದಿನಾಲ್ಕು ಜನರ ಫೋಟೊ

ಹನ್ನೊಂದು ದಿನ ಬಿಡದೆ ಜಿನುಗಿದ ಮಳೆ ಆ ಸೋಮವಾರ ಬೆಳಿಗ್ಗೆ ನಿಂತಿತ್ತು. ಕಡಲ ಕಡೆಯಿಂದ ಒಣಗಾಳಿ ಎದ್ದು ಅಂಗಳದ ಕೆಸರಿಗೆ ತೆಳುವಾದ ಕೆನೆ ಕಟ್ಟಿಸಿ, ಹಿತ್ತಲಿನ ಬಟ್ಟೆಹಗ್ಗವನ್ನು ಮಿಡಿಯುತ್ತಿತ್ತು. ಬಟ್ಟೆ ಒಗೆಯುವವರಿಗೆಂದೇ ದೇವರು ಕಳಿಸಿದ ಬೆಳಗು ಎಂದುಕೊಂಡು ಡಿಂಪ್ನಾ ಹೆರಾಟಿ ಬುಟ್ಟಿ ಹೊತ್ತು ಹೊರಗೆ ಬಂದಳು.

ಬುಟ್ಟಿಯಲ್ಲಿದ್ದದ್ದು ಮನೆಯವರ ಬಟ್ಟೆಯಲ್ಲ, ಕ್ಲೂನ್‌ಬಾನ್ ಊರಿನ, ಕೈ ಕಾಲು ಎರಡರಲ್ಲೂ ಆಡುವ ಗೇಲಿಕ್ ಫುಟ್‌ಬಾಲ್ ತಂಡದ ಅಂಗಿಗಳು. ಆ ಆಟಕ್ಕೆ ಕೂಲಿಯಿಲ್ಲ, ಸಂಬಳವಿಲ್ಲ. ಹುಟ್ಟಿದ ಊರಿಗಾಗಿ ಆಡಬೇಕು, ಮಾರನೆಯ ದಿನ ಎದ್ದು ಕೆಲಸಕ್ಕೆ ಹೋಗಬೇಕು. ಒಬ್ಬರು ಮೈದಾನದ ಹುಲ್ಲು ಕೊಯ್ಯುತ್ತಾರೆ, ಒಬ್ಬರು ಸುಣ್ಣದ ಗೆರೆ ಎಳೆಯುತ್ತಾರೆ. ಅಂಗಿ ಒಗೆಯುವ ಪಾಳಿ ಇಪ್ಪತ್ತೆರಡು ವರ್ಷದಿಂದ ಡಿಂಪ್ನಾಳದು. ಅವಳು ಒಂದರಿಂದ ಹದಿನೈದರವರೆಗೆ ಸಾಲಾಗಿ ಹರವುತ್ತಿದ್ದಳು, ಮೂರನೇ ನಂಬರಿನದನ್ನು ಮಾತ್ರ ಕಡೆಗೆ ಇಟ್ಟುಕೊಳ್ಳುತ್ತಿದ್ದಳು. ಗೋಲಿನ ಮುಂದೆ ನಿಂತು ಬಂದವರನ್ನೆಲ್ಲ ತಡೆಯುವ ಫುಲ್‌ಬ್ಯಾಕ್‌ನ ಅಂಗಿ ಅದು. ಮಗ ಎಂಡಾನದು. ಅದರ ಕೆಸರು ಎರಡು ನೀರಿಗೂ ಬಿಡುತ್ತಿರಲಿಲ್ಲ.

ಹಾಲು ಕರೆದು ಮುಗಿಸಿದ ಎಂಡಾ ಕೊಟ್ಟಿಗೆಯಿಂದ ಬಂದ. ಎಡಗಾಲನ್ನು ಯಾರದೋ ಸಾಮಾನಿನ ಹಾಗೆ ಎಳೆದುಕೊಂಡು ಬರುತ್ತಿದ್ದ.

"ಹೇಗಿದೆಯೋ ಕಾಲು?"

"ಇದೆಯಮ್ಮ. ಇನ್ನೂ ನನ್ನ ಜೊತೆಗೇ ಇದೆ."

"ಹಸುಗಳೆಲ್ಲ ನಿನಗಿಂತ ಮುಂಚೆ ಅಂಗಳ ದಾಟಿದ್ವಲ್ಲ."

"ಅವಕ್ಕೆ ನಾಲ್ಕು ಕಾಲು. ನನಗೆ ಒಂದೂವರೆ."

ಹಿಂದಿನ ದಿನ ತಂಡ ಸೆಮಿಫೈನಲ್ ಗೆದ್ದಿತ್ತು. ಮೂರು ವಾರಕ್ಕೆ ಕೌಂಟಿಯ, ಅಂದರೆ ಇಡೀ ಜಿಲ್ಲೆಯ, ಫೈನಲ್. ಕ್ಲೂನ್‌ಬಾನ್ ಅಲ್ಲಿಗೆ ಮುಟ್ಟಿ ಮೂವತ್ತೈದು ವರ್ಷವಾಗಿತ್ತು.

ಎಂಡಾ ಹದಿನೇಳಕ್ಕೇ ದೊಡ್ಡವರ ತಂಡ ಸೇರಿದವನು. ಎರಡು ವರ್ಷ ಕೌಂಟಿಯ ಅಂಗಿಯನ್ನೂ ತೊಟ್ಟ. ಒಂದು ದಿನ ಅವನ ಕೈ ತಪ್ಪಿದ ಒಂದೇ ಒಂದು ಚೆಂಡು ಗೋಲಾಯಿತು, ಮುಂದಿನ ವಾರ ಕೌಂಟಿ ತಂಡದಿಂದ ಫೋನೇ ಬರಲಿಲ್ಲ. ಅವನು ಯಾರನ್ನೂ ದೂರಲಿಲ್ಲ, ಊರಿನ ತಂಡಕ್ಕೆ ಮರಳಿ ಅದೇ ಗೋಲಿನ ಮುಂದೆ ನಿಂತ; ಎಲ್ಲ ಸೇರಿ ಹದಿನೈದು ವರ್ಷ. ಮೂಗು ಎರಡು ಸಲ ಮುರಿದಿತ್ತು. ಬಲಗೈಯ ಕಿರುಬೆರಳು ಚಹದ ಬಟ್ಟಲು ಹಿಡಿಯಲೂ ಮಡಚುತ್ತಿರಲಿಲ್ಲ. ತಡೆಯುವವನ ಆಟವೇ ಹಾಗೆ. ಅವನು ನಿಲ್ಲಿಸಿದ ಗೋಲುಗಳನ್ನು ಯಾರೂ ನೆನಪಿಡುವುದಿಲ್ಲ, ಬಿಟ್ಟವು ಮಾತ್ರ ಊರಿಗೆಲ್ಲ ಬಾಯಿಪಾಠ. ಈಗ ಅವನಿಗೆ ಮೂವತ್ತೆರಡು. ಗೆದ್ದ ಪದಕ ಒಂದೂ ಇರಲಿಲ್ಲ.

ಮನೆಯಲ್ಲಿ ಪದಕವಿರಲಿಲ್ಲವೆಂದಲ್ಲ. ಅಡುಗೆಮನೆಯ ಗೋಡೆಯಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ, ಕೆಂಪು ದೀಪದ ಬೆಳಕು ಬೀಳುವಲ್ಲಿ ಒಂದು ತೂಗುತ್ತಿತ್ತು. ಎಂಬತ್ತನಾಲ್ಕನೇ ಇಸವಿಯ ಫೈನಲ್‌ನದು, ಅಪ್ಪ ಬಾರ್ಟ್ಲಿಯದು. ಆ ಮನೆಯ ಮಕ್ಕಳು ಪ್ರಾರ್ಥನೆಗೆ ಕಣ್ಣೆತ್ತಿದರೆ ಯೇಸುವೂ ಕಾಣುತ್ತಿದ್ದ, ಪದಕವೂ ಕಾಣುತ್ತಿತ್ತು.

ಆ ವಾರ ಆಸ್ಪತ್ರೆಯಿಂದ ಕಾಗದ ಬಂತು. ಭಾನುವಾರ ಚರ್ಚಿನ ಬಲಿಪೂಜೆ ಮುಗಿಸಿ ಮನೆಯ ಐವರೂ ಊಟಕ್ಕೆ ಕೂತಾಗ ಸೊಸೆ ಕ್ಲೀನಾ ಅದನ್ನು ಆಲೂಗಡ್ಡೆಯ ಬೋಗುಣಿಗೆ ಆನಿಸಿ ನಿಲ್ಲಿಸಿದಳು. ಅವಳು ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸದವಳು. ಕೆಟ್ಟ ಮೊಣಕಾಲು ಹೇಗಿರುತ್ತದೆಂದು ಅವಳಿಗೆ ಪುಸ್ತಕದಲ್ಲಿ ಓದಬೇಕಿರಲಿಲ್ಲ.

"ನವೆಂಬರ್ ಆರಕ್ಕೆ ಆಪರೇಷನ್," ಅಂದಳು. "ಅಲ್ಲಿವರೆಗೆ ಓಡಬಾರದು. ಇನ್ನೊಂದ್ಸಲ ಹರಿದ್ರೆ ಆ ಕಾಲು ಮಡಚೋಕೆ ಬರಲ್ಲ ಅಂದಿದಾರೆ."

"ಡಾಕ್ಟರುಗಳು ಅನ್ನೋದು ಹಾಗೇನೇ," ಎಂದ ಎಂಡಾ.

"ಅವರು ನಿನ್ನ ಏನು ಕೇಳಿದ್ರು, ಅದನ್ನೂ ಹೇಳು."

ಎಂಡಾ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. ಕ್ಲೀನಾಳೇ ಅತ್ತೆಗೆ ಕೇಳುವ ಹಾಗೆ ಹೇಳಿದಳು.

"ನೀನು ಆಟದವನೋ ರೈತನೋ ಅಂತ ಕೇಳಿದ್ರು. ಅರವತ್ತೆಂಟು ಹಸು ಇವೆ ಡಿಂಪ್ನಾ, ದಿನಕ್ಕೆ ಎರಡು ಸಲ ಬಗ್ಗಿ ಮೆಷಿನ್ ಹಾಕಬೇಕು. ಬಾರ್ಟ್ಲಿಗೆ ಭುಜ ಮೇಲೇಳಲ್ಲ. ಇವನ ಕಾಲೂ ಹೋದ್ರೆ ಯಾರು ಬಗ್ತಾರೆ? ನಾನಾ?"

"ಒಂದು ಗಂಟೆ ಆಟ ಕ್ಲೀನಾ. ಇಡೀ ಜನ್ಮಕ್ಕೆ ಒಂದು ಗಂಟೆ."

"ಮಿಕ್ಕಿದ ಜನ್ಮ ನನ್ನ ಜೊತೆ ಕಳೀಬೇಕಲ್ಲ, ಅದಕ್ಕೇ ಕೇಳ್ತಿದೀನಿ."

ಆಗ ಏಳು ವರ್ಷದ ಮೊಮ್ಮಗಳು ಮೇವ್ ಎಲೆಕೋಸನ್ನು ತಟ್ಟೆಯ ಅಂಚಿಗೆ ತಳ್ಳುತ್ತ, "ತಾತ ಭುಜದ ಮೂಳೆ ಮುರ್ಕೊಂಡೂ ಫೈನಲ್ ಆಡಿದ್ರಂತೆ," ಅಂದಳು. "ನಮ್ಮ ಮಿಸ್ ಕ್ಲಾಸಲ್ಲಿ ಹೇಳಿದ್ರು."

"ಕೇಳಿದ್ಯಾ," ಅಂದ ಎಂಡಾ ಹೆಂಡತಿಗೆ.

ಡಿಂಪ್ನಾ ಗಂಡನ ಮುಖ ನೋಡಿದಳು. ಬಾರ್ಟ್ಲಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೆಣ್ಣೆಯ ಬಟ್ಟಲನ್ನು ಮಗುವಿನ ಕಡೆ ಸರಿಸಿದ. ಹೀಗೆ ಬೆಣ್ಣೆ ಸರಿಸುತ್ತ ಸರಿಸುತ್ತ ಮೂವತ್ತೈದು ವರ್ಷ ಕಳೆದಿದ್ದ ಅವನು. ಅವನು ಸುಳ್ಳು ಹೇಳಿದವನಲ್ಲ. ಬಾಗಿಲಿಗೆ ಬಂದ ಸುಳ್ಳಿಗೆ ಮಣೆ ಹಾಕಿ ಕೂರಿಸಿದವನು.

ನಡೆದದ್ದು ಇಷ್ಟು. ಎಂಬತ್ತನಾಲ್ಕರ ಫೈನಲ್‌ಗೆ ನಾಲ್ಕು ದಿನವಿರುವಾಗ, ಟ್ರೇಲರಿಗೆ ಹತ್ತಿಸುತ್ತಿದ್ದ ಹೋರಿಯೊಂದು ಬಾರ್ಟ್ಲಿಯನ್ನು ಕಂಬಿಗೆ ಒತ್ತಿ ಭುಜದ ಮೂಳೆ ಮುರಿಯಿತು. ಅವನಿಗೆ ಸಾಟಿಯಾದ ಫುಲ್‌ಬ್ಯಾಕ್ ಊರಿಗೆ ಇನ್ನೊಬ್ಬನಿದ್ದ, ಪೀಡರ್ ಲವೆಲ್. ಆದರೆ ಅವನು ಇಂಗ್ಲೆಂಡಿಗೆ ಕೂಲಿಗೆ ಹೋಗಿ ಅಲ್ಲಿಯ ತಂಡದ ಪಟ್ಟಿಯಲ್ಲಿ ಹೆಸರು ಬರೆಸಿದ್ದ; ಇಲ್ಲಿ ಆಡಿದರೆ ನಿಯಮಕ್ಕೆ ಮೋಸ, ಗೆದ್ದರೂ ಕಪ್ ಹೋಗುತ್ತದೆ. ತಂಡದವರು ಟೆಲಿಗ್ರಾಂ ಕಳಿಸಿದರು. ಪೀಡರ್ ಶುಕ್ರವಾರದ ಹಡಗು ಹತ್ತಿ ಬಂದ. ಇಬ್ಬರಿಗೂ ಒಂದೇ ಎತ್ತರ, ಒಂದೇ ಕೆಂಚು ತಲೆ; ಎದುರಾಳಿಗಳು ಕೌಂಟಿಯ ಆಚೆ ತುದಿಯವರು, ಮುಖ ಕಂಡವರಲ್ಲ. ರೆಫರಿಯ ಕೈಗೆ ಹೋದ ಪಟ್ಟಿಯಲ್ಲಿ ಮೂರನೇ ನಂಬರಿಗೆ ಬಾರ್ಟ್ಲಿ ಹೆರಾಟಿ ಎಂದೇ ಇತ್ತು. ಆಟದ ಮುಂಚೆ ಎಲ್ಲರೂ ಚೆಂಡಿನ ಮೇಲೆ ಕೈಯಿಟ್ಟು, ಇಲ್ಲಿಯ ಮಾತು ಇಲ್ಲಿಗೇ ಎಂದು ಆಣೆ ಮಾಡಿದರು.

ಬಾರ್ಟ್ಲಿ ಕಣ್ಣಿಗೆ ಬೀಳುವ ಹಾಗಿರಲಿಲ್ಲ, ಕಾಗದದ ಪ್ರಕಾರ ಅವನು ಮೈದಾನದಲ್ಲಿ ಆಡುತ್ತಿದ್ದನಲ್ಲ. ಗೋಲಿನ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ ದನದ ಟ್ರೇಲರಿನೊಳಗೆ ಹುಲ್ಲಿನ ಮೇಲೆ ಮಲಗಿದ್ದ. ಧ್ವನಿವರ್ಧಕ ಅವನ ಹೆಸರನ್ನು ಹನ್ನೆರಡು ಸಲ ಕೂಗಿತು, ಹನ್ನೆರಡನ್ನೂ ಅವನು ಕೇಳಿಸಿಕೊಂಡ. ಬಿಡುವಿನಲ್ಲಿ ಫ್ಲಾಸ್ಕಿನಲ್ಲಿ ಚಹ ತಂದುಕೊಟ್ಟವಳು ಆಗಿನ್ನೂ ಮದುವೆಯಾಗದ ಡಿಂಪ್ನಾ.

ಒಂದು ಪಾಯಿಂಟಿನಲ್ಲಿ ಗೆದ್ದರು. ಫೋಟೊ ತೆಗೆಯುವಾಗ ಪೀಡರ್ ಬಟ್ಟೆ ಬದಲಿಸುವ ಕೋಣೆಯೊಳಗೇ ಉಳಿದ. ಆ ಫೋಟೊ ಇವತ್ತಿಗೂ ಕ್ಲಬ್ಬಿನ ಗೋಡೆಯಲ್ಲಿದೆ, ಹದಿನಾಲ್ಕೇ ಜನ. ಬಾರ್ಟ್ಲಿ ಬೂಟಿನ ದಾರ ಬಿಚ್ಚುತ್ತಿದ್ದನಂತೆ ಎಂದು ಮಕ್ಕಳಿಗೆ ಹೇಳಿ ನಗುತ್ತಾರೆ. ಅಂದು ಸಂಜೆಯ ಕುಣಿತಕ್ಕೆ ಬಾರ್ಟ್ಲಿ ಕೈಯನ್ನು ಜೋಲಿಯಲ್ಲಿ ಹಾಕಿಕೊಂಡು ಬಂದದ್ದನ್ನು ಎಲ್ಲರೂ ನೋಡಿದರು. ಮುರಿದ ಮೂಳೆಯಲ್ಲೇ ಆಡಿದನಂತೆ ಎಂದು ಯಾರೋ ಅಂದರು. ಕ್ರಿಸ್‌ಮಸ್ ಹೊತ್ತಿಗೆ ಅದು ವೇದವಾಕ್ಯವಾಗಿತ್ತು. ಪೀಡರ್ ಭಾನುವಾರ ರಾತ್ರಿಯ ಹಡಗಿಗೇ ಹಿಂತಿರುಗಿದ್ದ. ಪಟ್ಟಿಯ ಪ್ರಕಾರ ಪದಕ ಬಂತು, ಪಟ್ಟಿಯಲ್ಲಿದ್ದವನ ಕೈಗೆ ಬಂತು. ಊರಿನ ಹಿರಿತಲೆಗಳಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದೇ ಅಲ್ಲಿಯ ಮರ್ಯಾದೆ.

ಮುಂದಿನ ವಾರ ಊರಿನ ಕಂಬಕ್ಕೆಲ್ಲ ಬಾವುಟ ಏರಿತು. ಬುಧವಾರ ತಂಡದ ಮ್ಯಾನೇಜರ್ ಮಲಾಕಿ ಮನೆಗೇ ಬಂದು, ನಿಂತೇ ಚಹ ಕುಡಿದು, "ಫೈನಲ್ ಹಿಂದಿನ ಶುಕ್ರವಾರ ಅಂಗಿ ಹಂಚ್ತೀವಿ ಬಾರ್ಟ್ಲಿ. ಮೂರನೇದನ್ನ ನಿನ್ನ ಕೈಯಿಂದಲೇ ಮಗನಿಗೆ ಕೊಡಿಸ್ಬೇಕು ಅಂತ ಎಲ್ಲರ ಆಸೆ," ಎಂದ.

"ನೋಡೋಣ," ಅಂದ ಬಾರ್ಟ್ಲಿ.

"ನೋಡೋದೇನು, ನೀನು ಕೊಡ್ದೆ ಇನ್ಯಾರು ಕೊಡ್ಬೇಕು?"

ಅದರ ಮರುದಿನ ಕ್ಲೀನಾ, ಒಗೆಯಲು ತೆಗೆದ ಎಂಡಾನ ಪ್ಯಾಂಟಿನ ಜೇಬಲ್ಲಿ ಒಂದು ಚೀಟಿ ಕಂಡಳು. ಪಟ್ಟಣದ ಯಾವನೋ ಡಾಕ್ಟರನ ವಿಳಾಸ, ಫೈನಲ್ ದಿನದ ಬೆಳಗಿನ ಒಂಬತ್ತು ಗಂಟೆ. ನೋವು ಮರೆಸುವ ಇಂಜೆಕ್ಷನ್ನಿಗೆ. ಅಂಗಳದ ಆಚೆ ಬದಿಯ ಅವರ ಮನೆಯಿಂದ ಮಾತು ಡಿಂಪ್ನಾಳ ಅಡುಗೆಮನೆಗೆ ಕೇಳುತ್ತಿತ್ತು.

"ನೋವು ಗೊತ್ತಾಗದಿದ್ರೆ ಹರಿಯೋದು ಗೊತ್ತಾಗಲ್ಲ ಅಷ್ಟೆ. ಹರಿಯೋದೇನೂ ನಿಲ್ಲಲ್ಲ."

"ಅಪ್ಪ ಇಂಜೆಕ್ಷನ್ನೂ ಇಲ್ದೆ ಆಡಿದ."

"ನಿಮ್ಮಪ್ಪನ್ನ ಕಟ್ಕೊಂಡಿರೋಳು ನಾನಲ್ಲ."

ಮುಂದಿನ ಸೋಮವಾರ ಕ್ಲೀನಾ ಮಗುವನ್ನೂ ಶಾಲೆಯ ಚೀಲವನ್ನೂ ಕಾರಿಗೆ ಹಾಕಿಕೊಂಡು ತವರಿಗೆ ಹೊರಟಳು. ಡಿಂಪ್ನಾ ಸೋಡಾ ಬ್ರೆಡ್ಡಿನ ಅರ್ಧವನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟಳು.

"ನಾನು ಜಗಳಕ್ಕೆ ಹೋಗ್ತಿಲ್ಲ ಡಿಂಪ್ನಾ," ಅಂದಳು ಕ್ಲೀನಾ. "ನೋಡೋಕಾಗದೆ ಹೋಗ್ತಿದೀನಿ."

ಅಂದೇ ಡಿಂಪ್ನಾ ಅಭ್ಯಾಸದ ಅಂಗಿಗಳ ಚೀಲ ಹೊತ್ತು ಮೈದಾನಕ್ಕೆ ಹೋದಳು. ಪೀಡರ್ ಲವೆಲ್ ಸುಣ್ಣದ ಗಾಡಿ ತಳ್ಳುತ್ತ ಗೆರೆ ಹಾಕುತ್ತಿದ್ದ. ಹತ್ತು ವರ್ಷದ ಹಿಂದೆ ಅವನು ಇಂಗ್ಲೆಂಡಿನಿಂದ ವಾಪಸಾಗಿ, ಜವುಗಿನ ಆಚೆಯ ಮನೆಯಲ್ಲಿ ಒಬ್ಬನೇ ಇದ್ದ.

"ಗೆರೆ ನೆಟ್ಟಗಿದೆಯಾ ಪೀಡರ್?"

"ಗೆರೆ ನೆಟ್ಟಗಿದೆ. ಎಳೆಯೋನೇ ಸೊಟ್ಟ."

ಅವಳು ಚೀಲ ಕೆಳಗಿಟ್ಟಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಪದಕ ನನಗೆ ಬರಬೇಕು ಅಂತ ನಿನಗೆ ಯಾವತ್ತೂ ಅನ್ನಿಸ್ಲಿಲ್ವಾ?"

ಪೀಡರ್ ಗಾಡಿ ನಿಲ್ಲಿಸಿ ಕೆಮ್ಮಿದ. ಇಂಗ್ಲೆಂಡಿನ ಕಟ್ಟಡ ಕೆಲಸದ ಧೂಳು ಅವನ ಎದೆಯಿಂದ ಇನ್ನೂ ಇಳಿದಿರಲಿಲ್ಲ.

"ಕವೆಂಟ್ರಿಯಲ್ಲಿ ಒಂದ್ಸಲ ಬಾರಲ್ಲಿ ಕೂತು, ನಮ್ಮೂರು ಗೆದ್ದಾಗ ನಾನೇ ಫುಲ್‌ಬ್ಯಾಕ್ ಅಂದ್ಬಿಟ್ಟೆ. ಪಕ್ಕದಲ್ಲಿ ನಮ್ಮ ಕಡೆಯವನೊಬ್ಬ ಪೇಪರ್ ಓದಿಕೊಂಡಿದ್ದ. ಥೂ ಸುಳ್ಳ, ಆವತ್ತು ಆಡಿದ್ದು ಹೆರಾಟಿ ಅಂದ. ಎಲ್ಲರೂ ನಕ್ಕರು. ಆಮೇಲೆ ನಾನು ಬಾಯಿ ಬಿಡಲಿಲ್ಲ." ಗಾಡಿಯ ಹಿಡಿಕೆ ಹಿಡಿದು ಕೇಳಿದ, "ಹುಡುಗ ಆಡ್ತಾನಾ?"

"ಸೂಜಿ ಚುಚ್ಚಿಸ್ಕೊಂಡು ಆಡ್ತಾನಂತೆ."

"ಯಾಕಂತೆ?"

"ಅವರಪ್ಪ ಮೂಳೆ ಮುರ್ಕೊಂಡು ಆಡಿದ್ನಲ್ಲ, ಅದಕ್ಕೆ."

ಪೀಡರ್ ನಗಲಿಲ್ಲ. "ಆ ಮೂಳೆ ಟ್ರೇಲರಲ್ಲಿತ್ತಲ್ಲ ಡಿಂಪ್ನಾ," ಎಂದಷ್ಟೇ ಹೇಳಿ ಗಾಡಿ ತಳ್ಳಿಕೊಂಡು ಹೋದ.

ಅವಳು ದಾರಿಯಲ್ಲಿ ಚರ್ಚಿಗೆ ಹೊಕ್ಕು ದೇವಮಾತೆಯ ಮುಂದೆ ಒಂದು ಮೇಣದ ಬತ್ತಿ ಹಚ್ಚಿದಳು. ಬೇಡಿಕೊಳ್ಳಲು ಮಾತು ಬರಲಿಲ್ಲ. ಟ್ರೇಲರಿಗೆ ಚಹ ಕೊಂಡುಹೋದ ಕೈಯೇ ಅದು. ಸುಮ್ಮನೆ ಜಪಸರದ ಮಣಿ ಎಣಿಸಿ ಎದ್ದು ಬಂದಳು.

ಸಂಜೆ ಹಾಲು ಕರೆಯುವ ಹೊತ್ತಿಗೆ, ಎಂಡಾ ಬರುವ ಮುಂಚೆ, ಕೊಟ್ಟಿಗೆಗೆ ಹೋಗಿ ಗಂಡನ ಎದುರು ನಿಂತಳು.

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಏನನ್ನ?"

"ಟ್ರೇಲರಿನ ಮಾತನ್ನ."

ಬಾರ್ಟ್ಲಿ ಹಸುವಿನ ಕೆಚ್ಚಲು ಒರೆಸುತ್ತಲೇ ಇದ್ದ. "ನಾನು ಅವನಿಗೆ ಆಡು ಅಂತ ಒಂದು ದಿನವಾದ್ರೂ ಹೇಳಿದೀನಾ?"

"ಬೇಡ ಅಂತ ಹೇಳಿದೀಯಾ?"

"ಆಣೆ ಮಾಡಿದೀವಿ ಡಿಂಪ್ನಾ. ಕಪ್ ಹೋಗುತ್ತೆ."

"ಮೂವತ್ತೈದು ವರ್ಷದ ತುಕ್ಕು ಹಿಡಿದ ಕಪ್ ಯಾರಿಗೆ ಬೇಕು? ಅಲ್ಲಿ ಮಗ ಕಾಲನ್ನೇ ಕೊಡ್ತಿದಾನೆ. ಸೊಸೆ ಮನೆ ಬಿಟ್ಟು ಹೋದ್ಲು."

"ಊರಲ್ಲಿ ನನ್ನ ಮುಖ ಏನಾಗ್ಬೇಕು?"

"ನಿನ್ನ ಮುಖ ಆ ಫೋಟೊದಲ್ಲೇ ಇಲ್ವಲ್ಲ ಬಾರ್ಟ್ಲಿ."

ಅವನ ಕೈ ನಿಂತಿತು. ಹಸು ಹಿಂತಿರುಗಿ ನೋಡಿತು. ಅವನು ಮುಂದಿನ ಹಸುವಿಗೆ ಹೋದ.

ಶುಕ್ರವಾರದವರೆಗೂ ಆ ಮಾತೆತ್ತಲಿಲ್ಲ. ಅಂದು ಆರಕ್ಕೆ ಕ್ಲಬ್ಬಿನಲ್ಲಿ ಅಂಗಿ ಹಂಚುವುದು. ಐದಕ್ಕೆ ಮೂವರೂ ಚಹಕ್ಕೆ ಕೂತಿದ್ದರು. ಬೇಯಿಸಿದ ಮೊಟ್ಟೆ, ಬ್ರೆಡ್ಡು. ಎಂಡಾ ಗಡ್ಡ ಕೆರೆದು ಬಿಳಿ ಅಂಗಿ ತೊಟ್ಟಿದ್ದ. ಬಾರ್ಟ್ಲಿ ಎದ್ದು, ಗೋಡೆಯ ಪದಕವನ್ನು ಮೊಳೆಯಿಂದ ಬಿಡಿಸಿ ತಂದು ಬೆಣ್ಣೆಯ ಪಕ್ಕ ಇಟ್ಟ.

"ಇದು ನನ್ನದಲ್ಲ," ಎಂದ.

ಎಂಡಾ ನಕ್ಕ. "ಮತ್ತೆ ಯಾರದು, ಪೋಪರದಾ?"

"ಪೀಡರ್ ಲವೆಲ್‌ದು."

ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಹೋರಿ, ಹಡಗು, ಪಟ್ಟಿ, ಟ್ರೇಲರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂವತ್ತೈದು ವರ್ಷದ ಭಾರ ಮೊಟ್ಟೆ ಆರುವಷ್ಟರಲ್ಲಿ ಮುಗಿದೇಹೋಯಿತು.

"ಹಾಗಾದ್ರೆ ಆ ದಾರ ಬಿಚ್ಚುತ್ತಿದ್ದದ್ದು?"

"ದಾರವೂ ಇಲ್ಲ, ಬೂಟೂ ಇಲ್ಲ."

ಎಂಡಾ ಚಮಚವನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟ. "ಮೂಗು ಮುರಿದಾಗ ಹತ್ತಿ ತುರುಕ್ಕೊಂಡು ಆಡಿದೆ ಅಪ್ಪ. ಪ್ರತಿಸಲವೂ, ನಮ್ಮಪ್ಪ ಇದಕ್ಕಿಂತ ಹೆಚ್ಚು ತಡ್ಕೊಂಡಿದಾನೆ ಅಂದ್ಕೊಂಡು."

"ಗೊತ್ತು."

"ಗೊತ್ತಿತ್ತಾ?"

"ನೋಡ್ತಾ ಇದ್ದೆ."

"ನೋಡ್ತಾ ಇದ್ದೆ," ಎಂದು ಎಂಡಾ ಮೆಲ್ಲಗೆ ತಿರುಗಿ ಹೇಳಿದ. ಆಮೇಲೆ ತಾಯಿಯ ಕಡೆ ನೋಡಿದ. "ನಿನಗೂ ಗೊತ್ತಾಮ್ಮ?"

"ಚಹ ಕೊಟ್ಟು ಬಂದೋಳೇ ನಾನು," ಎಂದಳು ಡಿಂಪ್ನಾ.

ಅವನು ಮೊಟ್ಟೆಯನ್ನು ಮುಟ್ಟದೆ ಎದ್ದು ಹೋದ.

ಬಾರ್ಟ್ಲಿ ಕ್ಲಬ್ಬಿಗೆ ಬರಲಿಲ್ಲ. ಡಿಂಪ್ನಾ ಅಂಗಿಗಳೊಡನೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತಳು. ಮಲಾಕಿ ಒಂದೊಂದೇ ನಂಬರು ಕರೆದ. ಮೂರು ಎಂದಾಗ ಎಂಡಾ ಎದ್ದು ನಿಂತು, "ನನ್ನ ಕಾಲು ಆಗಲ್ಲ ಮಲಾಕಿ. ಬೇರೆಯವರಿಗೆ ಕೊಡು," ಎಂದ. ಅಷ್ಟೇ ಮಾತು. ಅಂಗಿ ಹತ್ತೊಂಬತ್ತು ವರ್ಷದ ಆಟಗಾರನೊಬ್ಬನಿಗೆ ಹೋಯಿತು. ಅವನಿಗೆ ಅದು ಎರಡು ಬೆರಳು ಅಗಲವಾಗಿತ್ತು.

ಶನಿವಾರ ಕ್ಲೀನಾ ಮಗುವಿನೊಡನೆ ಹಿಂದಿರುಗಿದಳು. ಗೆದ್ದವಳ ಹಾಗೆ ಬರಲಿಲ್ಲ. ಗಂಡನ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟು ಐಸು ಕಟ್ಟಿ, ತಾನು ನೆಲದ ಮೇಲೆ ಕೂತಳು.

ಫೈನಲ್‌ನಲ್ಲಿ ಸೋತರು. ಮುಗಿಯಲು ಐದು ನಿಮಿಷವಿರುವಾಗ ಚೆಂಡೊಂದು ಎತ್ತರದಿಂದ ಗೋಲಿನ ಮುಂದೆ ಇಳಿಯಿತು. ಎಂಡಾ ಹದಿನೈದು ವರ್ಷ ನಿಂತ ಜಾಗಕ್ಕೇ ಇಳಿಯಿತು. ಎಳೆಯವನು ಒಂದು ಗಳಿಗೆ ಮೊದಲೇ ಹಾರಿದ, ಚೆಂಡು ಒಳಗೆ ಹೋಯಿತು. ಗೋಲಿಗೆ ಮೂರು ಪಾಯಿಂಟು, ಸೋತದ್ದು ಎರಡರಲ್ಲಿ. ಗ್ಯಾಲರಿಯಲ್ಲಿ ಎಂಡಾನ ಎರಡೂ ಕೈ ಮೇಲೆದ್ದು ಗಾಳಿಯಲ್ಲಿ ನಿಂತದ್ದನ್ನು ಡಿಂಪ್ನಾ ನೋಡಿದಳು. ತಾನು ಮಾಡಿದ್ದು ಸರಿಯೇ ಎಂದು ಅವಳಿಗೆ ಅಂದು ರಾತ್ರಿ ತಿಳಿಯಲಿಲ್ಲ, ಮರುದಿನವೂ ತಿಳಿಯಲಿಲ್ಲ.

ಊರಿನ ನಾಲಿಗೆ ಸುಮ್ಮನಿರುತ್ತದೆಯೇ? ಅಂಗಡಿಯಲ್ಲಿ ಯಾರೋ ಬಾರ್ಟ್ಲಿಯ ಬೆನ್ನು ತಟ್ಟಿ, "ನಿನ್ನ ಕಾಲದಲ್ಲಿ ಮೂಳೆ ಮುರಿದ್ರೂ ಮೈದಾನಕ್ಕೆ ಇಳೀತಿದ್ರಪ್ಪ," ಎಂದರು.

"ನಾನು ಇಳಿದಿರಲಿಲ್ಲ," ಎಂದ ಬಾರ್ಟ್ಲಿ, ಎಲ್ಲರಿಗೂ ಕೇಳುವ ಹಾಗೆ. "ಆವತ್ತು ಆಡಿದ್ದು ಪೀಡರ್ ಲವೆಲ್."

ಒಬ್ಬ ಮುದುಕ ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಆಮೇಲೆ ಅಂಗಡಿಯವಳು, "ಸಾಸೇಜು ಎಷ್ಟು ಅಂದ್ರಿ?" ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು. ಯಾರೂ ಕಪ್ ಕೇಳಿಕೊಂಡು ಬರಲಿಲ್ಲ.

ಮನೆಯಲ್ಲಿ ಮಾತ್ರ ಮುಗಿಯಲಿಲ್ಲ. ಅಪ್ಪ ಮಗ ದಿನಕ್ಕೆರಡು ಸಲ ಜೊತೆಯಲ್ಲೇ ಹಾಲು ಕರೆದರು, ಮಾತಿಲ್ಲದೆ. ಹೇಳಬೇಕಾದ್ದಿದ್ದರೆ ಎಂಡಾ ಹಸುವಿಗೆ ಹೇಳುತ್ತಿದ್ದ. "ಸರಿ ಕಣೆ, ಆ ಬಾಗಿಲು ಹಾಕೋದು ಮರೀತಾರೆ ಇವರು." ಬಾರ್ಟ್ಲಿ ಹೋಗಿ ಬಾಗಿಲು ಹಾಕುತ್ತಿದ್ದ. ಸಕಲ ಮೃತರ ದಿನ ಸಮಾಧಿಗಳ ಮುಂದೆಯೂ ಇಬ್ಬರೂ ಡಿಂಪ್ನಾಳ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತರು. ಗೋಡೆಯಲ್ಲಿ ಪದಕವಿದ್ದ ಜಾಗ ಬೆಳ್ಳಗೆ ಉಳಿದಿತ್ತು. ಪದಕ ಬಾರ್ಟ್ಲಿಯ ಜೇಬಿನಲ್ಲಿತ್ತು. ಜವುಗಿನ ದಾರಿ ಹಿಡಿದು ಎರಡು ಸಲ ಹೊರಟು ಎರಡು ಸಲವೂ ಸೇತುವೆಯಿಂದ ಹಿಂತಿರುಗಿದ್ದ.

ನವೆಂಬರ್ ಆರಕ್ಕೆ ಎಂಡಾನಿಗೆ ಆಪರೇಷನ್ ಆಯಿತು. ಎರಡು ತಿಂಗಳು ಕೊಟ್ಟಿಗೆಗೆ ಇಳಿಯುವಂತಿಲ್ಲ. ಮೊದಲ ಬೆಳಿಗ್ಗೆ ಬಾರ್ಟ್ಲಿ ಒಬ್ಬನೇ ಹಾಲು ಕರೆದು, ಒಂಬತ್ತಕ್ಕೆ ಒಳಬಂದಾಗ ಅವನ ಬಲಗೈ ಬಟ್ಟಲು ಎತ್ತಲಿಲ್ಲ. ಎರಡನೆಯ ಬೆಳಿಗ್ಗೆ ಅವನು ಬೂಟು ಹಾಕುವಾಗಲೇ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು, ಮೆಷಿನ್ ಗುಂಯ್ಗುಡುತ್ತಿತ್ತು. ಪೀಡರ್ ಆಗಲೇ ಹನ್ನೆರಡು ಹಸು ಮುಗಿಸಿದ್ದ.

"ಯಾರು ಕರೆದ್ರೋ ನಿನ್ನ?" ಎಂದ ಬಾರ್ಟ್ಲಿ.

"ಯಾರೂ ಕರೀಲಿಲ್ಲ. ಆವತ್ತಾದ್ರೆ ಟೆಲಿಗ್ರಾಂ ಬಂದಿತ್ತು." ಪೀಡರ್ ಹಸುವಿನ ಬೆನ್ನು ತಟ್ಟಿದ. "ನಿನ್ನ ಜಾಗದಲ್ಲಿ ನಿಂತು ನನಗೆ ಅಭ್ಯಾಸ ಇದೆ ಬಿಡು."

ವಾರ ಕಳೆಯಿತು, ಪೀಡರ್ ತಪ್ಪದೆ ಬಂದ. ಡಿಂಪ್ನಾ ಚಹಕ್ಕೆ ಅವನದೂ ಒಂದು ಬಟ್ಟಲು ಇಡುವುದನ್ನು ರೂಢಿಸಿಕೊಂಡಳು. ಎಂಟನೆಯ ಬೆಳಿಗ್ಗೆ ಮಂಜು ಬಿದ್ದಿತ್ತು. ಅವಳು ಚಹ ಹಿಡಿದು ಕೊಟ್ಟಿಗೆಗೆ ಬಂದಾಗ ಹಿಂದೆಯೇ ಊರುಗೋಲಿನ ಸಪ್ಪಳ ಕೇಳಿತು. ಎಂಡಾ ಬಾಗಿಲಿಗೆ ಬಂದು ನಿಂತಿದ್ದ.

"ಅಪ್ಪ," ಎಂದ. ಐದು ವಾರದಲ್ಲಿ ಮೊದಲ ಸಲ. "ಆ ಬಿಳಿ ಮೂತಿಯದು ಒದೆಯುತ್ತೆ. ಪೀಡರ್‌ಗೆ ಹೇಳಿದೀಯಾ?"

"ಹೇಳಿಲ್ಲ."

"ಈ ಮನೇಲಿ ಎಲ್ಲಾನೂ ತಡವಾಗೇ ಹೇಳೋದು," ಎಂದ ಎಂಡಾ.

"ಅದು ನಿನ್ನೆಯೇ ಒದ್ದಾಯ್ತು ಕಣಪ್ಪ," ಎಂದ ಪೀಡರ್, ಬಗ್ಗಿದಲ್ಲಿಂದಲೇ.

ಬಾರ್ಟ್ಲಿ ಕೈ ಒರೆಸಿಕೊಂಡು ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಒಂದೇ ಕೈಯಲ್ಲಿ ಬಿಚ್ಚಲಾಗದೆ ಹಾಗೆಯೇ ಮುಂದೆ ಚಾಚಿದ. ಅದೇನೆಂದು ಪೀಡರ್‌ಗೆ ಯಾರೂ ಹೇಳಬೇಕಿರಲಿಲ್ಲ. ಅವನು ಅದನ್ನು ನೋಡಿ, ತನ್ನ ಎರಡೂ ಅಂಗೈಯನ್ನು ತೋರಿಸಿದ. ಮೊಣಕೈವರೆಗೂ ಹಾಲು ನೀರು ಸುರಿಯುತ್ತಿತ್ತು.

"ಕೈ ಒದ್ದೆ ಇದೆ ಬಾರ್ಟ್ಲಿ."

ಬಾರ್ಟ್ಲಿ ಹತ್ತಿರ ಹೋಗಿ, ಪೀಡರ್‌ನ ಕೋಟಿನ ಎದೆಯ ಜೇಬಿನೊಳಗೆ ಗಂಟಿನ ಸಮೇತ ಪದಕವನ್ನು ಇಳಿಸಿ, ಸ್ವಾಧೀನಕ್ಕೆ ಬಾರದ ಬಲಗೈಯಲ್ಲೇ ಜೇಬಿನ ಗುಂಡಿ ಹಾಕಿದ.